ಜಾಲರಿ ಬಿಸಿಯಿದ್ದಾಗಲೇ ಕೆರೆ

ತಮ್ಮಾ, ಹೈದರಾಬಾದಿನ ತಾರ್ನಾಕದ ನಿನ್ನ ಮಾಳಿಗೆ ಮೇಲಿನ ಇದ್ದಿಲ ಸಿಗಡಿ ನೋಡಿ ಬಂದಾಗಿನಿಂದ ಈ ಮಾತು ತಲೆಯಲ್ಲೇ ಕೂತಿದೆ. ಸಲಾಕೆಗಳ ನಡುವೆ ಹೋದ ಸಲದ ಕೋಳಿಯ ಕೊಬ್ಬು ಕರ್ರಗೆ ಹೆಪ್ಪುಗಟ್ಟಿ, ಅದರ ಮೇಲೆ ಧೂಳು ಕೂತು, ಇರುವೆ ಸಾಲು ಹಿಡಿದಿತ್ತು. ‘ಇರಲಿ ಕಾಕಾ, ಆ ಮಸಿಯಲ್ಲೇ ರುಚಿ ಇರೋದು’ ಅಂದ ನಿನ್ನ ಗೆಳೆಯ. ಆ ಮಾತು ನಂಬಬೇಡ. ರುಚಿ ಬರುವುದು ಹದವಾದ ಕೆಂಡದಿಂದ, ಮಸಾಲೆ ಹೀರಿದ ಮಾಂಸದಿಂದ. ಹಳೆಯ ಕೊಬ್ಬಿನಿಂದ ಬರುವುದು ಕಮಟು ವಾಸನೆ ಮತ್ತು ಕಹಿ. ಹೊಸ ತುಂಡು ಅದಕ್ಕೆ ಅಂಟಿಕೊಂಡು ಹರಿದೂ ಬರುತ್ತದೆ.

ತಣ್ಣಗಿರುವ ಜಾಲರಿಯನ್ನು ತಿಕ್ಕಿ ತಿಕ್ಕಿ ದಣಿಯಬೇಡ. ಇದ್ದಿಲು ಹೊತ್ತಿಸಿ, ಖಾಲಿ ಜಾಲರಿಯನ್ನು ಕೆಂಡದ ಮೇಲೆ ಕಾಲು ಗಂಟೆ ಬಿಡು. ಮೊದಲು ಜಿಡ್ಡು ದಟ್ಟವಾಗಿ ಹೊಗೆಯಾಡುತ್ತದೆ. ಹೊಗೆ ನಿಂತಾಗ ಅದು ಒಣಗಿ ಹಕ್ಕಳೆ ಎದ್ದಿರುತ್ತದೆ. ಆಗ ಜಾಲರಿಯನ್ನು ಇಕ್ಕಳದಲ್ಲಿ ಹಿಡಿದು, ಉದ್ದ ಹಿಡಿಯ ತಗಡಿನ ಮೊಗಚುವ ಕೈಯಿಂದ ಒಂದೊಂದೇ ಸಲಾಕೆ ಕೆರೆ. ಅರ್ಧ ಉಳ್ಳಾಗಡ್ಡಿಯನ್ನು ಕಬಾಬಿನ ಕಡ್ಡಿಗೆ ಚುಚ್ಚಿ ಉಜ್ಜಿದರೆ ಉಳಿದದ್ದೂ ಬರುತ್ತದೆ. ತಂತಿ ಬ್ರಷ್ ಮಾತ್ರ ಬೇಡವೇ ಬೇಡ. ಅದರ ಒಂದು ಎಳೆ ಮುರಿದು ಮಾಂಸದಲ್ಲಿ ಸೇರಿ, ಗಂಟಲಿಗೋ ಕರುಳಿಗೋ ಚುಚ್ಚಿಕೊಂಡು ಆಪರೇಷನ್ನಿನವರೆಗೆ ಹೋದ ಪ್ರಕರಣಗಳನ್ನು ಅಮೆರಿಕದ ವೈದ್ಯರು ದಾಖಲಿಸಿದ್ದಾರೆ.

ನಿನ್ನ ಜಾಲರಿಗೆ ಈ ಸಲ ಇಷ್ಟೇ ಸಾಲದು. ಆರಿದ ಮೇಲೆ ಕಟ್ಟಿಗೆಯ ಬೂದಿಯನ್ನು ನೀರಲ್ಲಿ ಕಲಸಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಂಗಿನ ನಾರಿನಿಂದ ತಿಕ್ಕು. ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ. ಆ ಕ್ಷಾರ ಜಿಡ್ಡನ್ನು ಸಡಿಲಿಸುತ್ತದೆ. ನಿನ್ನ ಅಜ್ಜಿ ಹಿತ್ತಲಲ್ಲಿ ಕೂತು ಪಾತ್ರೆಯನ್ನೆಲ್ಲ ಬೂದಿಯಲ್ಲಿ ಬೆಳಗಿದ್ದು ಅದಕ್ಕೇ. ಅಲ್ಯೂಮಿನಿಯಂಗೆ ಮಾತ್ರ ಹಚ್ಚಬೇಡ, ಕಪ್ಪಾಗುತ್ತದೆ. ತೊಳೆದ ಕಬ್ಬಿಣವನ್ನು ಒದ್ದೆ ಬಿಡದೆ ಒರೆಸಿ, ಬಿಸಿ ಮಾಡಿ, ತೆಳ್ಳಗೆ ಎಣ್ಣೆ ಸವರಿಡು. ಇಲ್ಲದಿದ್ದರೆ ಒಂದೇ ಮಳೆಗೆ ತುಕ್ಕು ಹಿಡಿಯುತ್ತದೆ.

ಇನ್ನು ಬೆಂಕಿಯ ವಿಚಾರ. ಮಳೆಗಾಲದಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಕಡೆಯ ರಸ್ತೆಯಲ್ಲಿ ಮೆಕ್ಕೆಜೋಳ ಸುಡುವವರ ಗಾಡಿಯ ಮುಂದೆ ನಿಂತು ನೋಡು. ಉರಿ ಏಳುತ್ತಿರುವಾಗ ಅವರು ತೆನೆ ಇಡುವುದೇ ಇಲ್ಲ. ಬೀಸಣಿಗೆಯಿಂದ ಬೀಸಿ ಬೀಸಿ, ಇದ್ದಿಲ ಮೇಲೆ ಬೂದಿಯ ತೆಳು ಪದರ ಕಟ್ಟಿ ಒಳಗೆ ಕೆಂಪಾದ ಮೇಲೆಯೇ ಇಡುತ್ತಾರೆ, ಇಟ್ಟ ಮೇಲೆ ತಿರುಗಿಸುತ್ತಲೇ ಇರುತ್ತಾರೆ. ನೀವೋ ಸೀಮೆಎಣ್ಣೆ ಸುರಿದು, ಜ್ವಾಲೆ ಎದ್ದ ಕೂಡಲೇ ಕೋಳಿ ಇಡುತ್ತೀರಿ. ಹೊರಗೆ ಸೀದು, ಎಲುಬಿನ ಹತ್ತಿರ ಹಸಿಯಾಗೇ ಉಳಿಯುತ್ತದೆ. ಕೆಂಡವನ್ನು ಒಂದು ಮಗ್ಗುಲಿಗೆ ಸರಿಸು. ಕೋಳಿಯನ್ನು ಮೊದಲು ಕೆಂಡವಿಲ್ಲದ ಕಡೆ ನಿಧಾನವಾಗಿ ಬೇಯಿಸಿ, ಕೊನೆಗೆ ಕೆಂಡದ ಮೇಲೆ ತಂದು ಬಣ್ಣ ಬರಿಸು. ಒಳಗಿನ ಬಿಸಿ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಏಳುವ ಹೊಗೆಯಲ್ಲಿ ಬೆಂಜೊಪೈರೀನ್ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲೇ ಇಟ್ಟಿದೆ. 1958ರಲ್ಲಿ ಕೂನೂರಿನಿಂದ ಹೈದರಾಬಾದಿಗೆ ಬಂದ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಗೋಡೆ ಪಕ್ಕವೇ ದಿನಾ ಓಡಾಡುವ ಹುಡುಗ ನೀನು, ಕರ್ರಗೆ ಸೀದ ಅಂಚನ್ನು ಕತ್ತರಿಸಿ ತೆಗೆಯುವುದು ನಿನಗೆ ಅಭ್ಯಾಸವಾಗಲಿ.

ಜಾಲರಿಯೇ ಇಲ್ಲದೆ ಸುಡುವುದನ್ನೂ ಹೈದರಾಬಾದಿನಿಂದ ಕಲಿ. ಪತ್ಥರ್ ಕಾ ಗೋಷ್ತ್‌ಗೆ ದಪ್ಪ ಗ್ರಾನೈಟ್ ಚಪ್ಪಡಿಯನ್ನು ಇದ್ದಿಲ ಮೇಲೆ ನಿಧಾನವಾಗಿ ಕಾಯಿಸಿ, ಹಸಿ ಪಪ್ಪಾಯಿ ಹಚ್ಚಿ ನೆನೆಸಿದ ತೆಳು ಮಾಂಸವನ್ನು ಅದರ ಮೇಲೆ ಹಾಸುತ್ತಾರೆ. ಕಾದ ಕಲ್ಲಿಗೆ ತಣ್ಣೀರು ಹಾಕಬೇಡ, ಸೀಳುತ್ತದೆ. ಪಪ್ಪಾಯಿ ಹಚ್ಚಿದ್ದನ್ನು ರಾತ್ರಿಯಿಡೀ ಬಿಟ್ಟರೆ ಮಾಂಸ ಮುದ್ದೆಯಾಗುತ್ತದೆ. ನೆನೆಯುವಷ್ಟು ಹೊತ್ತೂ ಫ್ರಿಜ್ಜಿನಲ್ಲೇ ಇರಲಿ.

ಒಂದು ವಿಷಯದಲ್ಲಿ ನಾನು ನಿನ್ನ ಮಾತು ಕೇಳುವವನಲ್ಲ. ಮಳೆ ಬಂತೆಂದು ಕೆಂಡದ ಸಿಗಡಿಯನ್ನು ಕೋಣೆಯೊಳಗೆ ಎಳೆದುಕೊಳ್ಳಬೇಡಿ. ಕೆಂಡ ಬಿಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಲ್ಲೇ ಹೋಗುತ್ತಾರೆ. ಊಟ ಅರ್ಧಕ್ಕೆ ನಿಂತರೂ ಚಿಂತೆಯಿಲ್ಲ. ಬೂದಿಯನ್ನೂ ಅಂದೇ ಪ್ಲಾಸ್ಟಿಕ್ ಬುಟ್ಟಿಗೆ ಸುರಿಯಬೇಡ, ಒಳಗಿನ ಕೆಂಡ ಮರುದಿನದವರೆಗೂ ಜೀವ ಹಿಡಿದಿರುತ್ತದೆ. ಮುಚ್ಚಳದ ತಗಡಿನ ಡಬ್ಬಿ ಇಟ್ಟುಕೋ.

ಸಂಕ್ರಾಂತಿ ಹೊತ್ತಿಗೆ ಊರಿಂದ ಹಾಲುದುಂಬಿದ ಜೋಳದ ತೆನೆ ತರುತ್ತೇನೆ, ಸೀತನಿ ಮಾಡೋಣ. ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಹುದುಗಿಸಿ, ಬಿಸಿಯಿರುವಾಗಲೇ ಉಜ್ಜಿ ಕಾಳು ಉದುರಿಸಿ, ಬೆಲ್ಲ, ಶೇಂಗಾ ಹಿಂಡಿ ಜೊತೆಗೆ ತಿನ್ನಬೇಕು. ಬೆಲ್ಲ, ಹಿಂಡಿ ನಿನ್ನ ಕಾಕು ಕಟ್ಟಿಕೊಡುತ್ತಾಳೆ. ಕುಳ್ಳು ಎಲ್ಲಿ ಸಿಗುತ್ತದೆ ಅಂತ ಈಗಿನಿಂದಲೇ ವಿಚಾರಿಸಿಡು.