ಬೇಲಿಯೇ ಹೊಲ ಮೇಯ್ದಾಗ

ಕುಷ್ಟಗಿ, ಯಲಬುರ್ಗಾ ಸೀಮೆಯ ಬೆದ್ದಲು ಹೊಲಗಳ ನಡುವೆ ಸಂಚರಿಸಿದವರು ಜಾಲಿಮುಳ್ಳಿನ ಬೇಲಿಗಳನ್ನು ಕಂಡೇ ಇರುತ್ತಾರೆ. ಸಜ್ಜೆಯನ್ನೋ ಜೋಳವನ್ನೋ ದನಕರುಗಳಿಂದ ಕಾಪಾಡುವುದಷ್ಟೇ ಬೇಲಿಯ ಕೆಲಸ. ಅಂತಹ ಬೇಲಿಯೇ ಎದ್ದು ಹೊಲ ಮೇಯ್ದರೆ ಗತಿಯೇನೆಂದು ನಮ್ಮ ಹಿರಿಯರು ಗಾದೆಯಲ್ಲಿ ಕೇಳಿದ್ದಾರೆ. ದನ ಮೇಯ್ದರೆ ಆಗುವ ನಷ್ಟ ಒಂದು. ಬೇಲಿ ಮೇಯ್ದರೆ ಆಗುವ ನಷ್ಟ ಎರಡು. ಪೈರೂ ಹೋಯಿತು, ಬೇಲಿಯ ಮೇಲಿನ ನಂಬಿಕೆಯೂ ಹೋಯಿತು.

ಕಟ್ಟಳೆ ಮಾಡುವ ಮುಖಂಡರೇ ಕಟ್ಟಳೆಯನ್ನು ಮೀರಿದಾಗ ಜನರು ಹೇಗೆ ವರ್ತಿಸುತ್ತಾರೆ? ಒಮ್ಮೆ ಸಿಡಿದೇಳುವ ಜನರು ಮತ್ತೊಮ್ಮೆ ಏಕೆ ಸುಮ್ಮನಿರುತ್ತಾರೆ? ಇದು ಕೇವಲ ರಾಜಕೀಯದ ಪ್ರಶ್ನೆಯೆಂದು ಬಹುಮಂದಿ ತಿಳಿದಿದ್ದಾರೆ. ಆದರೆ ಮನುಷ್ಯನ ವರ್ತನೆಯನ್ನು ಅಳೆದು ನೋಡುವ ಶಾಸ್ತ್ರಗಳು ಕಳೆದ ಕೆಲವು ದಶಕಗಳಲ್ಲಿ ಈ ಪ್ರಶ್ನೆಯನ್ನೂ ಕೈಗೆತ್ತಿಕೊಂಡಿವೆ. ಅವು ತಿಳಿಸುವುದೇನೆಂಬುದನ್ನು ನಮ್ಮ ನಾಡಿನ ಉದಾಹರಣೆಗಳ ಮೂಲಕವೇ ವಿಚಾರ ಮಾಡೋಣ.

ಮೂರು ಪ್ರಸಂಗಗಳು

೨೦೨೦ರ ಮಾರ್ಚ್ ೧೩ರಂದು, ಕೊರೋನಾ ರೋಗವು ಹರಡುತ್ತಿದ್ದುದರಿಂದ, ಆಗಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು ಚಿತ್ರಮಂದಿರ, ಜಾತ್ರೆ, ಅದ್ದೂರಿ ಮದುವೆ ಮೊದಲಾದುವನ್ನು ಒಂದು ವಾರದ ಮಟ್ಟಿಗೆ ನಿಲ್ಲಿಸಬೇಕೆಂದು ಸಾರಿದರು. ಎರಡೇ ದಿನಗಳ ತರುವಾಯ, ಮಾರ್ಚ್ ೧೫ರಂದು, ಬೆಳಗಾವಿಯಲ್ಲಿ ವಿಧಾನಪರಿಷತ್ತಿನ ಸದಸ್ಯರೊಬ್ಬರ ಮನೆಯ ಮದುವೆಯಲ್ಲಿ ಅವರೇ ಪಾಲ್ಗೊಂಡರು. ಅಲ್ಲಿ ಬಹು ಜನ ನೆರೆದಿದ್ದರು.

ಅದೇ ವರ್ಷದ ಮೇ ೨೫ರಂದು ದೇಶದೊಳಗಿನ ವಿಮಾನ ಸಂಚಾರ ಮತ್ತೆ ಆರಂಭವಾಯಿತು. ದೆಹಲಿಯಿಂದ ಕರ್ನಾಟಕಕ್ಕೆ ಬರುವವರು ಏಳು ದಿನ ಸರ್ಕಾರ ಗೊತ್ತುಪಡಿಸಿದ ಸ್ಥಳದಲ್ಲಿ ಪ್ರತ್ಯೇಕವಾಗಿ ಇರಬೇಕೆಂಬ ನಿಯಮವಿತ್ತು. ಅಂದು ದೆಹಲಿಯಿಂದ ಬಂದಿಳಿದ ಕೇಂದ್ರ ಸಚಿವ ಡಿ. ವಿ. ಸದಾನಂದ ಗೌಡರು ನೇರವಾಗಿ ತಮ್ಮ ವಾಹನದಲ್ಲಿ ತೆರಳಿದರು. ಔಷಧಗಳ ಹೊಣೆ ಹೊತ್ತ ಸಚಿವನಾದ ತನಗೆ ವಿನಾಯಿತಿಯುಂಟೆಂದು ಅವರು ವಿವರಿಸಿದರು; ರಾಜ್ಯ ಸರ್ಕಾರವೂ ಅದನ್ನು ಸಮರ್ಥಿಸಿತು. ಆದರೂ ಜನರ ಅಸಮಾಧಾನ ತಣಿಯಲಿಲ್ಲ.

ಮೂರನೆಯದು ೨೦೨೨ರ ಜನವರಿಯದು. ಸಭೆ ಮೆರವಣಿಗೆಗಳಿಗೆ ನಿಷೇಧವಿದ್ದಾಗಲೇ ಕಾಂಗ್ರೆಸ್ಸಿನ ನಾಯಕರಾದ ಡಿ. ಕೆ. ಶಿವಕುಮಾರ್ ಮತ್ತು ಸಿದ್ದರಾಮಯ್ಯನವರ ಮುಂದಾಳತ್ವದಲ್ಲಿ ಜನವರಿ ೯ರಂದು ಮೇಕೆದಾಟು ಪಾದಯಾತ್ರೆ ಹೊರಟಿತು. ಉಚ್ಚ ನ್ಯಾಯಾಲಯವು ಪ್ರಶ್ನಿಸಿದ ಮೇಲೆ, ೧೩ರಂದು ಅದು ರಾಮನಗರದಲ್ಲಿ ನಿಂತಿತು.

ಈ ಮೂರೂ ಒಂದೇ ಬಗೆಯವಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಮೊದಲನೆಯದರಲ್ಲಿ ಆಜ್ಞೆ ಕೊಟ್ಟವರೇ ಅದನ್ನು ಮರೆತರು. ಎರಡನೆಯದರಲ್ಲಿ ನಿಯಮದೊಳಗೇ ಇತ್ತೆನ್ನಲಾದ ವಿನಾಯಿತಿಯ ಬಳಕೆಯಾಯಿತು. ಮೂರನೆಯದರಲ್ಲಿ ನಿಯಮ ಮಾಡಿದ ಸರ್ಕಾರವೇ ಬೇರೆ, ಮೀರಿದ ವಿರೋಧಪಕ್ಷವೇ ಬೇರೆ. ಆದರೆ ಶಾಸನ ರಚಿಸುವ ಸಭೆಯಲ್ಲಿ ಇಬ್ಬರೂ ಕುಳಿತವರು. ಹೀಗಿದ್ದೂ ಮೂರು ಸಂದರ್ಭಗಳಲ್ಲೂ ಕೇಳಿಬಂದ ಪ್ರಶ್ನೆ ಒಂದೇ: “ನಮಗೊಂದು ನ್ಯಾಯ, ಅವರಿಗೊಂದು ನ್ಯಾಯವೇ?”

ಕೋಪದ ಮೂಲ ಎಲ್ಲಿದೆ?

ಈ ಪ್ರಶ್ನೆಯ ತೀವ್ರತೆಯನ್ನು ತಿಳಿಯಲು ಕೊಪ್ಪಳ ಜಿಲ್ಲೆಯ ಅಂದಿನ ಸ್ಥಿತಿಯನ್ನು ನೆನೆಯಬೇಕು. ೨೦೨೦ರ ಮೇ ತಿಂಗಳ ಆರಂಭದಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಪಟ್ಟಿಯಲ್ಲಿ ಕೊಪ್ಪಳ ಜಿಲ್ಲೆಯು ಹಸಿರು ವಲಯದಲ್ಲಿತ್ತು. ರೋಗವಿಲ್ಲದ ಊರಿನಲ್ಲಿಯೂ ಜನರು ಸಂತೆ ಬಿಟ್ಟರು, ಮದುವೆ ಮುಂದೂಡಿದರು. ಕುಷ್ಟಗಿ, ಯಲಬುರ್ಗಾ ಕಡೆಯಿಂದ ದೂರದ ಊರುಗಳಿಗೆ ಗುಳೆ ಹೋಗಿದ್ದ ಕೂಲಿಕಾರರು ಹಿಂದಿರುಗಿದಾಗ, ಹೊರರಾಜ್ಯಗಳಿಂದ ಬಂದವರು ತಮ್ಮ ಮನೆಗೆ ಹೋಗುವ ಮೊದಲು ಶಾಲೆ, ವಸತಿಗೃಹಗಳಲ್ಲಿ ದಿನಗಟ್ಟಲೆ ಕಾದಿರಬೇಕಾಯಿತು. ಲಕ್ಷಾಂತರ ಜನ ಸೇರುವ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯೂ ೨೦೨೧ರಲ್ಲಿ ಎಂದಿನ ವೈಭವವಿಲ್ಲದೆ ಸರಳವಾಗಿ ನಡೆಯಿತು.

ಹೀಗೆ ಪ್ರತಿಯೊಬ್ಬನೂ ತನ್ನ ಪಾಲಿನ ಏನನ್ನೋ ತ್ಯಜಿಸಿದ್ದನು. ಆ ತ್ಯಾಗವನ್ನು ಕೇಳಿದವನೇ ತ್ಯಾಗಮಾಡದಿದ್ದರೆ ಮನಸ್ಸಿಗೆ ಆಗುವುದು ಬರಿಯ ಆಶ್ಚರ್ಯವಲ್ಲ, ವಂಚನೆಗೊಳಗಾದ ನೋವು. ತಾಯಿಯ ಅಂತ್ಯಕ್ರಿಯೆಗೆ ಹೋಗದೆ ಉಳಿದವನು, ಮದುವೆಯ ಊಟಕ್ಕೆ ಹೋದ ನಾಯಕನನ್ನು ಕಂಡು, “ಹಾಗಾದರೆ ನಾನೇಕೆ ಹೋಗಲಿಲ್ಲ?” ಎಂದು ಕೇಳಿಕೊಳ್ಳುತ್ತಾನೆ. ಕೋಪದ ಅರ್ಧಭಾಗ ನಾಯಕನ ಮೇಲಿನದು. ಉಳಿದರ್ಧ ನಂಬಿದ ತನ್ನ ಮೇಲೆಯೇ ಬಂದುದು.

ಇನ್ನೊಂದು ಕಾರಣವೂ ಉಂಟು. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೧೭ರಲ್ಲಿ ಕಪಟಿಗಳನ್ನು ಜನರು ಏಕೆ ದ್ವೇಷಿಸುತ್ತಾರೆಂಬುದನ್ನು ಪರೀಕ್ಷಿಸಿದರು. ಅವರ ನಿರ್ಣಯದ ಸಾರವಿದು. ಒಬ್ಬನು ಒಂದು ತಪ್ಪನ್ನು ಬಹಿರಂಗವಾಗಿ ಖಂಡಿಸಿದರೆ, “ನಾನು ಹಾಗೆ ಮಾಡುವವನಲ್ಲ” ಎಂದು ಮೌನವಾಗಿ ಸಾರಿದಂತಾಗುತ್ತದೆ. ಜನರು ಅವನನ್ನು ಹೆಚ್ಚು ಗೌರವಿಸುತ್ತಾರೆ. ಅನಂತರ ಅವನೇ ಆ ತಪ್ಪನ್ನು ಮಾಡಿದುದು ತಿಳಿದರೆ, ಪಡೆದ ಗೌರವವನ್ನು ಅವನು ಸುಳ್ಳು ಹೇಳಿ ಪಡೆದನೆಂದು ಜನರಿಗೆ ತೋರುತ್ತದೆ. ವಿಶೇಷವೇನೆಂದರೆ, “ಇದು ತಪ್ಪು, ಆದರೆ ನಾನೂ ಕೆಲವೊಮ್ಮೆ ಈ ತಪ್ಪನ್ನು ಮಾಡುತ್ತೇನೆ” ಎಂದು ಮೊದಲೇ ಒಪ್ಪಿಕೊಂಡವನ ಮೇಲೆ ಜನರು ಅಷ್ಟು ಕೋಪಗೊಳ್ಳಲಿಲ್ಲ. ಆದುದರಿಂದ ಜನರನ್ನು ಕೆರಳಿಸುವುದು ತಪ್ಪಿಗಿಂತ ಹೆಚ್ಚಾಗಿ ಆ ಸುಳ್ಳು ವೇಷ.

ಕಾಲುವೆಯ ಪಾಠ

ಕೋಪವು ಬಂದು ಹೋಗುತ್ತದೆ. ಅದಕ್ಕಿಂತ ದೊಡ್ಡ ಪ್ರಶ್ನೆಯೆಂದರೆ, ಮುಂದೆ ಆ ನಿಯಮವನ್ನು ಯಾರು ಪಾಲಿಸುತ್ತಾರೆಂಬುದು. ಇದನ್ನು ತಿಳಿಯಲು ಗಂಗಾವತಿಯ ಕಡೆಗೆ ಹೋಗೋಣ.

ಮುನಿರಾಬಾದಿನ ಬಳಿ ಹೊರಡುವ ತುಂಗಭದ್ರಾ ಎಡದಂಡೆ ಕಾಲುವೆಯು ಕೊಪ್ಪಳ, ಗಂಗಾವತಿಗಳನ್ನು ದಾಟಿ ರಾಯಚೂರಿನ ಕಡೆಗೆ ಹರಿಯುತ್ತದೆ. ಇರುವ ನೀರನ್ನು ಸಾಧ್ಯವಾದಷ್ಟು ವಿಸ್ತಾರವಾದ ಭೂಮಿಗೆ ಹಂಚಬೇಕು, ಆದುದರಿಂದ ಬಹುಭಾಗದಲ್ಲಿ ಕಡಮೆ ನೀರು ಬೇಡುವ ಬೆಳೆಗಳನ್ನೇ ಬೆಳೆಯಬೇಕು ಎಂಬುದು ಯೋಜನೆಯ ಮೂಲ ಕಟ್ಟಳೆ. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಗೊತ್ತುಪಡಿಸಿದುದಕ್ಕಿಂತ ಎಷ್ಟೋ ಹೆಚ್ಚು ಭೂಮಿಯಲ್ಲಿ ಭತ್ತ ಬೆಳೆಯಿತು. ಗಂಗಾವತಿಯು ಭತ್ತದ ಕಣಜವೆಂಬ ಹೆಸರು ಪಡೆಯಿತು. ಕಾಲುವೆಯ ಕೊನೆಯ ಭಾಗದ ರೈತನಿಗೆ ನೀರು ಅಪರೂಪವಾಯಿತು. “ಮೇಲಿನವರು ನಿಯಮ ಪಾಲಿಸದಿರುವಾಗ ನಾನೊಬ್ಬನು ಪಾಲಿಸಿ ಪ್ರಯೋಜನವೇನು?” ಎಂದು ಪ್ರತಿಯೊಬ್ಬ ರೈತನೂ ಕೇಳಿದರೆ ಆ ಪ್ರಶ್ನೆಗೆ ಸುಲಭವಾದ ಉತ್ತರವಿಲ್ಲ.

ಈ ಮನೋಧರ್ಮವನ್ನು ಸ್ವಿಟ್ಜರ್ಲೆಂಡಿನ ಮೂವರು ಅರ್ಥಶಾಸ್ತ್ರಜ್ಞರು ೨೦೦೧ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಅಳೆದರು. ಒಂದು ಸಾಮಾನ್ಯ ನಿಧಿಗೆ ವಿದ್ಯಾರ್ಥಿಗಳು ಎಷ್ಟು ಹಣ ಕೊಡುವರೆಂದು ಅವರು ನೋಡಿದರು. ಸುಮಾರು ಅರ್ಧದಷ್ಟು ಮಂದಿ ಇತರರು ಕೊಟ್ಟರೆ ತಾವೂ ಕೊಡುವವರು, ಕೊಡದಿದ್ದರೆ ತಾವೂ ಕೈ ಹಿಡಿಯುವವರು. ಸುಮಾರು ಮೂರರಲ್ಲೊಂದು ಭಾಗದವರು ಏನೇ ಆದರೂ ಕೊಡದವರು. ಇದರಿಂದ ತಿಳಿಯುವುದೇನು? ಸಮಾಜದ ಬಹುಭಾಗ ಸಜ್ಜನರದೂ ಅಲ್ಲ, ದುರ್ಜನರದೂ ಅಲ್ಲ. ಇತರರನ್ನು ನೋಡಿ ನಡೆಯುವವರದು. ಆ ನೋಟ ಮೊದಲು ಬೀಳುವುದು ಎತ್ತರದಲ್ಲಿ ನಿಂತವನ ಮೇಲೆ. ಆದುದರಿಂದಲೇ ನಾಯಕನ ಒಂದು ತಪ್ಪು ಸಾಮಾನ್ಯನ ನೂರು ತಪ್ಪುಗಳಿಗಿಂತ ಹೆಚ್ಚು ಹಾನಿಮಾಡಬಲ್ಲದು.

ಅಳೆದು ನೋಡಿದ ಒಂದು ಉದಾಹರಣೆ

ಇದು ಊಹೆಯಲ್ಲವೇ ಎಂದು ಕೆಲವರು ಕೇಳಬಹುದು. ಇಂಗ್ಲೆಂಡಿನ ಅನುಭವವು ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿನ ಪ್ರಧಾನಮಂತ್ರಿಯ ಮುಖ್ಯ ಸಲಹೆಗಾರರಾಗಿದ್ದ ಡೊಮಿನಿಕ್ ಕಮಿಂಗ್ಸ್, ಯಾರೂ ಮನೆ ಬಿಡಬಾರದೆಂಬ ಆಜ್ಞೆ ಜಾರಿಯಲ್ಲಿದ್ದಾಗ, ಲಂಡನ್ನಿನಿಂದ ದೂರದ ಡರ್‌ಹಮ್‌ಗೆ ಪ್ರಯಾಣ ಮಾಡಿದ್ದರೆಂಬ ಸುದ್ದಿ ೨೦೨೦ರ ಮೇ ೨೨ರಂದು ಹೊರಬಿತ್ತು. ಅದೃಷ್ಟವಶಾತ್, ಲಂಡನ್ನಿನ ಸಂಶೋಧಕರು ಆ ಮೊದಲಿನಿಂದಲೇ ಸರ್ಕಾರದ ಮೇಲಿನ ವಿಶ್ವಾಸವನ್ನು ಕುರಿತು ನಲವತ್ತು ಸಾವಿರಕ್ಕೂ ಮಿಕ್ಕ ಜನರನ್ನು ಪದೇ ಪದೇ ಪ್ರಶ್ನಿಸುತ್ತಿದ್ದರು. ಸುದ್ದಿ ಬಂದೊಡನೆ ಇಂಗ್ಲೆಂಡಿನಲ್ಲಿ ವಿಶ್ವಾಸ ಥಟ್ಟನೆ ಕುಸಿಯಿತು. ತಮ್ಮದೇ ಸರ್ಕಾರಗಳಿರುವ ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಆ ಸರ್ಕಾರಗಳ ಮೇಲಿನ ವಿಶ್ವಾಸ ಹಾಗೆ ಕುಸಿಯಲಿಲ್ಲ. ರೋಗ ಒಂದೇ, ಕಾಲ ಒಂದೇ. ಎದ್ದು ಕಾಣುವ ವ್ಯತ್ಯಾಸವಿದ್ದುದು ಈ ಪ್ರಸಂಗದಲ್ಲಿ. ಒಂದು ಹೊಲಕ್ಕೆ ಗೊಬ್ಬರ ಹಾಕಿ, ಪಕ್ಕದ ಹೊಲಕ್ಕೆ ಹಾಕದೆ, ಎರಡನ್ನೂ ಹೋಲಿಸುವಂತಹ ವಿಧಾನವಿದು.

ಕೊಪ್ಪಳದ ಒಗಟು

ಇಷ್ಟಾದ ಮೇಲೆ ಒಂದು ಒಗಟು ಉಳಿಯುತ್ತದೆ. ಹೀಗೆ ಕೋಪಗೊಳ್ಳುವ ಜನರು ಚುನಾವಣೆಯಲ್ಲಿ ಯಾವಾಗಲೂ ದಂಡನೆ ವಿಧಿಸುವರೇ?

೧೯೮೫ರಲ್ಲಿ ನಮ್ಮ ಸಂಸತ್ತು ಸಂವಿಧಾನಕ್ಕೆ ೫೨ನೆಯ ತಿದ್ದುಪಡಿಯನ್ನು ತಂದು ಪಕ್ಷಾಂತರವನ್ನು ನಿಷೇಧಿಸಿತು. ಶಾಸನಕಾರರು ತಮಗೆ ತಾವೇ ಹಾಕಿಕೊಂಡ ಬೇಲಿಯಿದು. ಆದರೆ ಬೇಲಿಯಲ್ಲಿ ಒಂದು ಕಿಂಡಿ ಉಳಿಯಿತು: ಸ್ಥಾನಕ್ಕೆ ರಾಜೀನಾಮೆ ಕೊಟ್ಟು, ಹೊಸ ಪಕ್ಷದಿಂದ ಮತ್ತೆ ಸ್ಪರ್ಧಿಸಬಹುದು. ಕೊಪ್ಪಳ ಕ್ಷೇತ್ರದಿಂದ ೨೦೦೮ರಲ್ಲಿ ಜನತಾದಳದ ಪರವಾಗಿ ಆಯ್ಕೆಯಾಗಿದ್ದ ಕರಡಿ ಸಂಗಣ್ಣನವರು ರಾಜೀನಾಮೆ ಕೊಟ್ಟು ಭಾರತೀಯ ಜನತಾ ಪಕ್ಷವನ್ನು ಸೇರಿದರು. ೨೦೧೧ರ ಸೆಪ್ಟೆಂಬರಿನಲ್ಲಿ ನಡೆದ ಉಪಚುನಾವಣೆಯಲ್ಲಿ ಮತದಾರರು ಅವರನ್ನೇ ಆರಿಸಿದರು. ೨೦೧೩ರಲ್ಲಿ ಅವರು ಸೋತರು. ೨೦೧೪ರಲ್ಲಿ ಲೋಕಸಭೆಗೆ ಗೆದ್ದರು. ೨೦೧೯ರಲ್ಲಿ ರಾಜ್ಯದ ಹದಿನೇಳು ಶಾಸಕರು ಅನರ್ಹರಾದಾಗಲೂ ಹೀಗೆಯೇ ಆಯಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಅವರಲ್ಲಿ ಹದಿಮೂರು ಮಂದಿ ಸ್ಪರ್ಧಿಸಿ, ಹನ್ನೊಂದು ಮಂದಿ ಗೆದ್ದರು.

ಮದುವೆಯ ಊಟಕ್ಕೆ ಕೆರಳಿದ ಜನರು ಪಕ್ಷಾಂತರಕ್ಕೆ ಏಕೆ ಕೆರಳಲಿಲ್ಲ? ನಮಗೆ ತೋರುವ ಉತ್ತರವಿದು. ರೋಗಕಾಲದ ನಿಯಮ ಎಲ್ಲರ ಹೆಗಲ ಮೇಲಿನ ನೊಗ. ನಾಯಕನು ತನ್ನ ನೊಗವನ್ನು ಕೆಳಗಿಟ್ಟರೆ ಭಾರ ಉಳಿದವರಿಗೆ ತಟ್ಟುತ್ತದೆ. ಪಕ್ಷಾಂತರ ನಿಷೇಧವಾದರೋ ನಾಯಕರನ್ನು ಮಾತ್ರ ಕಟ್ಟುವ ಹಗ್ಗ; ಅದು ಬಿಚ್ಚಿದರೆ ಮತದಾರನ ಮೈಗೆ ನೋವಾಗುವುದಿಲ್ಲ. ಜೊತೆಗೆ, ಮತವೆಂಬುದು ಒಂದೇ ಪ್ರಶ್ನೆಗೆ ಕೊಡುವ ಉತ್ತರವಲ್ಲ. ರಸ್ತೆ, ನೀರು, ಜಾತಿ, ಪರಿಚಯ, ಆಳುವ ಪಕ್ಷದಿಂದ ಬರಬಹುದಾದ ಅನುಕೂಲ ಎಲ್ಲವೂ ಆ ಒಂದು ಗುಂಡಿಯನ್ನೊತ್ತುವುದರಲ್ಲಿ ಸೇರಿರುತ್ತವೆ. ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಬಂದುದೇ ಪ್ರಾಮಾಣಿಕತೆಯೆಂದು ಭಾವಿಸಿದವರೂ ಇರಬಹುದು. ಆದುದರಿಂದ ಗೆಲುವನ್ನು ಕ್ಷಮೆಯೆಂದೂ, ಸೋಲನ್ನು ಶಿಕ್ಷೆಯೆಂದೂ ಅವಸರದಿಂದ ತೀರ್ಮಾನಿಸಲಾಗದು.

ಆದರೆ ನೋವಾಗದ ಗಾಯವೆಲ್ಲ ಅಪಾಯವಿಲ್ಲದ ಗಾಯವಲ್ಲ. ನಮ್ಮನ್ನು ಕಟ್ಟುವ ನಿಯಮ ಮುರಿದಾಗ ಕೂಗುವ ನಾವು, ನಮ್ಮನ್ನು ಆಳುವವರನ್ನು ಕಟ್ಟುವ ನಿಯಮ ಮುರಿದಾಗ ಸುಮ್ಮನಿದ್ದರೆ, ನಿಜವಾಗಿ ಹೆಚ್ಚು ಬೆಲೆಯುಳ್ಳ ಬೇಲಿಯನ್ನೇ ಕಾಯದೆ ಬಿಟ್ಟಂತಾಗುವುದು.

ಹುಣಸೆಬೀಜದ ಪ್ರಯೋಗ

ಇದನ್ನು ತರಗತಿಯಲ್ಲಿಯೇ ಪರೀಕ್ಷಿಸಬಹುದು. ನಾಲ್ವರು ವಿದ್ಯಾರ್ಥಿಗಳಿಗೆ ತಲಾ ಹತ್ತು ಹುಣಸೆಬೀಜ ಕೊಡಿ. ಪ್ರತಿಯೊಬ್ಬನೂ ತನಗೆ ಬೇಕಾದಷ್ಟನ್ನು ಗುಟ್ಟಾಗಿ ಗಡಿಗೆಗೆ ಹಾಕಲಿ. ಗಡಿಗೆಯಲ್ಲಿ ಸೇರಿದುದನ್ನು ಉಪಾಧ್ಯಾಯರು ಇಮ್ಮಡಿಮಾಡಿ ನಾಲ್ವರಿಗೂ ಸಮನಾಗಿ ಹಂಚಲಿ. ಎಲ್ಲರೂ ಹತ್ತನ್ನೂ ಹಾಕಿದರೆ ನಲವತ್ತು ಎಂಬತ್ತಾಗಿ ತಲಾ ಇಪ್ಪತ್ತು ಬರುವುದು. ಒಬ್ಬನು ಮಾತ್ರ ಹಾಕದಿದ್ದರೆ ಮೂವತ್ತು ಅರವತ್ತಾಗಿ ತಲಾ ಹದಿನೈದು ಬರುವುದು. ಹಾಕದವನ ಬಳಿ ಇಪ್ಪತ್ತೈದಾಗುವುದು, ಉಳಿದವರ ಬಳಿ ಹದಿನೈದೇ. ಯಾರೂ ಹಾಕದಿದ್ದರೆ ಎಲ್ಲರಿಗೂ ಹತ್ತೇ ಉಳಿಯುವುದು. ಐದಾರು ಸುತ್ತು ಆಡಿ, ಪ್ರತಿ ಸುತ್ತಿನ ಒಟ್ಟು ಮೊತ್ತವನ್ನು ಬರೆದಿಡಿ.

ಅನಂತರ ಒಬ್ಬನನ್ನು ಮುಖಂಡನನ್ನಾಗಿ ಮಾಡಿ. ಅವನು “ಎಲ್ಲರೂ ಹತ್ತು ಹಾಕಬೇಕು” ಎಂದು ಸಾರಿ, ಎಲ್ಲರೂ ಕಾಣುವಂತೆ ತಾನು ಮೊದಲು ಹಾಕಲಿ. ಕೆಲವು ಸುತ್ತುಗಳಲ್ಲಿ ಹತ್ತನ್ನೂ ಹಾಕಲಿ, ಕೆಲವು ಸುತ್ತುಗಳಲ್ಲಿ ಒಂದನ್ನೂ ಹಾಕದಿರಲಿ. ಎರಡು ಬಗೆಯ ಸುತ್ತುಗಳ ಮೊತ್ತಗಳನ್ನು ಹೋಲಿಸಿ ನೋಡಿ. ಕೊನೆಗೆ, ಮುಖಂಡನು ಒಮ್ಮೆ ತಪ್ಪಿದ ಮೇಲೆ “ತಪ್ಪಾಯಿತು” ಎಂದು ಹೇಳಿ ಮತ್ತೆ ಹತ್ತು ಹಾಕತೊಡಗಿದರೆ, ಗಡಿಗೆ ಮೊದಲಿನ ಮಟ್ಟಕ್ಕೆ ತುಂಬಲು ಎಷ್ಟು ಸುತ್ತು ಬೇಕಾಗುವುದೆಂಬುದನ್ನೂ ಎಣಿಸಿರಿ.

ನಂಬಿಕೆಯೂ ಆ ಗಡಿಗೆಯಂತೆಯೇ. ಅದು ತುಂಬುವುದು ಒಂದೊಂದೇ ಬೀಜದಿಂದ. ಬರಿದಾಗಲು ಒಂದು ಸುತ್ತು ಸಾಕು. ಇಂದು ಬೀಜ ಹಿಡಿದು ಕುಳಿತ ವಿದ್ಯಾರ್ಥಿಗಳೇ ನಾಳೆ ಗ್ರಾಮ ಪಂಚಾಯಿತಿಯ ಸದಸ್ಯರೂ ಶಾಸಕರೂ ಆಗುವವರು. ಮೊದಲ ಬೀಜ ಹಾಕುವ ಕೈ ತಮ್ಮದಾಗಬೇಕೆಂಬುದನ್ನು ಅವರು ಈಗಲೇ ಅರಿತರೆ, ಬೇಲಿಯು ಬೇಲಿಯಾಗಿಯೇ ಉಳಿದೀತು.