ಆರನೆಯ ವರ್ಷಕ್ಕೆ ಬರುವ ಆರನೆಯ ಹಲ್ಲು

‘ಹಾಲುಹಲ್ಲು ತಾನೇ, ಹುಳುಕಾದರೇನಂತೆ, ಹೇಗೂ ಬಿದ್ದುಹೋಗುತ್ತದೆ’ ಎಂದು ಅನೇಕ ತಂದೆತಾಯಿಗಳು ಹೇಳುವುದುಂಟು. ಆದರೆ ಆ ಹುಳುಕುಹಲ್ಲು ನಿಜವಾಗಿಯೂ ಹಾಲುಹಲ್ಲೇ ಎಂಬುದನ್ನು ನೋಡಿದ್ದೀರಾ?

ಹಾಲುಹಲ್ಲುಗಳು ಒಟ್ಟು 20. ಪ್ರತಿ ದವಡೆಯ ಒಂದೊಂದು ಪಕ್ಕದಲ್ಲೂ ಎರಡು ಬಾಚಿಹಲ್ಲು, ಒಂದು ಕೋರೆಹಲ್ಲು, ಎರಡು ದವಡೆಹಲ್ಲು, ಹೀಗೆ ಐದು ಇರುತ್ತವೆ. ಶಾಶ್ವತ ಹಲ್ಲುಗಳು 32. ಪ್ರತಿ ಪಕ್ಕದಲ್ಲಿ ಎರಡು ಬಾಚಿ, ಒಂದು ಕೋರೆ, ಎರಡು ಮುಂದವಡೆ, ಮೂರು ಹಿಂದವಡೆ ಹಲ್ಲುಗಳು. ಕೊನೆಯದೇ ಬುದ್ಧಿಹಲ್ಲು.

ಮಗುವಿಗೆ ಸುಮಾರು ಆರು ವರ್ಷ ತುಂಬುವಾಗ, ಯಾವ ಹಲ್ಲೂ ಬೀಳದೆ, ಹಾಲುಹಲ್ಲುಗಳ ಸಾಲಿನ ಹಿಂದೆ ಮೊದಲ ಹಿಂದವಡೆ ಹಲ್ಲು ಮೂಡುತ್ತದೆ. ಹಲ್ಲು ಬಿದ್ದಿಲ್ಲವಾದ್ದರಿಂದ ಇದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಮಗುವಿನ ಬಾಯಿ ತೆರೆಸಿ ನಡುವಿನಿಂದ ಎಣಿಸಿರಿ. ಆರನೆಯದು ಶಾಶ್ವತ ಹಲ್ಲು. ದಂತವೈದ್ಯರು ಚೀಟಿಯಲ್ಲಿ 36 ಎಂದು ಬರೆದರೆ, 3 ಎಂದರೆ ಕೆಳಗಿನ ಎಡಪಕ್ಕ, 6 ಎಂದರೆ ಇದೇ ಆರನೆಯ ಹಲ್ಲು.

ಹಲ್ಲಿನ ಹೊರಕವಚ ಎನಾಮೆಲ್. ನಮ್ಮ ದೇಹದಲ್ಲೇ ಅತಿ ಗಟ್ಟಿಯಾದ ವಸ್ತು ಇದು. ಆದರೆ ಒಮ್ಮೆ ಕುಳಿ ಬಿದ್ದರೆ ಮತ್ತೆ ಬೆಳೆಯದು. ಅದರ ಒಳಗೆ ಡೆಂಟಿನ್, ನಡುವೆ ನರ ಹಾಗೂ ರಕ್ತನಾಳಗಳಿರುವ ಪಲ್ಪ್. ವಸಡಿನ ಕೆಳಗೆ, ದವಡೆಯ ಮೂಳೆಯಲ್ಲಿ ಹುದುಗಿರುವುದು ಬೇರು. ಹೊಸ ಹಿಂದವಡೆ ಹಲ್ಲಿನ ಮೇಲ್ಭಾಗದ ಆಳವಾದ ಗೀರುಗಳಲ್ಲಿ ಸಿಹಿತಿಂಡಿ ಸಿಕ್ಕಿಕೊಂಡು ಹುಳುಕು ಬೇಗ ಆರಂಭವಾಗುತ್ತದೆ. ಅದು ಪಲ್ಪ್ ಮುಟ್ಟಿದರೆ ನೋವು, ಕೀವು, ಕೆನ್ನೆಯ ಊತ ಕಾಣಿಸಬಹುದು. ಈ ಹಲ್ಲನ್ನು ಕಿತ್ತರೆ ಅದರ ಜಾಗಕ್ಕೆ ಬೇರೆ ಹಲ್ಲು ಹುಟ್ಟುವುದಿಲ್ಲ.

ಹಾಗೆಂದು ಹಾಲುಹಲ್ಲನ್ನು ಕಡೆಗಣಿಸುವಂತಿಲ್ಲ. ಹಾಲಿನ ದವಡೆಹಲ್ಲುಗಳು 10ರಿಂದ 12 ವರ್ಷದವರೆಗೂ ಉಳಿದು, ಮುಂದೆ ಬರುವ ಹಲ್ಲುಗಳಿಗೆ ಜಾಗ ಕಾಯ್ದಿರಿಸುತ್ತವೆ.

ದಿನಕ್ಕೆರಡು ಬಾರಿ, ಮುಖ್ಯವಾಗಿ ರಾತ್ರಿ ಮಲಗುವ ಮುನ್ನ, ಫ್ಲೋರೈಡ್ ಇರುವ ಪೇಸ್ಟಿನಿಂದ ಹಲ್ಲುಜ್ಜಿಸಿ. ಮೂರರಿಂದ ಆರು ವರ್ಷದವರೆಗೆ ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು. ನುಂಗದೆ ಉಗುಳುವಂತೆ ಹೇಳಿಕೊಡಿ. ಏಳೆಂಟು ವರ್ಷದವರೆಗೆ ಹಿಂದಿನ ಹಲ್ಲುಗಳನ್ನು ನೀವೇ ಉಜ್ಜಿಕೊಡಿ. ಹೊಸ ಹಲ್ಲಿನ ಗೀರುಗಳನ್ನು ಮುಚ್ಚುವ ಸೀಲೆಂಟ್ ಎಂಬ ಲೇಪನದ ಬಗ್ಗೆ ದಂತವೈದ್ಯರನ್ನು ಕೇಳಿರಿ. ಗೀರಿನಲ್ಲಿ ಕಪ್ಪು ಕಂಡರೆ ನೋವು ಬರುವವರೆಗೆ ಕಾಯಬೇಡಿ.