ಡ್ಯುಯಲ್ ಬೂಟ್ ಲ್ಯಾಪ್‌ಟಾಪ್‌ಗೆ ಹೊಸ ಎಸ್‌ಎಸ್‌ಡಿ ಹಾಕೋದು ಹೇಗೆ?

ಮೂರನೇ ಸೆಮ್ ಹೊತ್ತಿಗೆ ನಮ್ಮ 256 ಜಿಬಿ ಎಸ್‌ಎಸ್‌ಡಿ ತುಂಬಿಹೋಯ್ತು. ವಿಂಡೋಸ್, ಉಬುಂಟು ಎರಡೂ ಅದರಲ್ಲೇ. ಹೊಸದಾಗಿ ಇನ್‌ಸ್ಟಾಲ್ ಮಾಡೋ ಬದಲು 1 ಟಿಬಿ ಎಸ್‌ಎಸ್‌ಡಿ ತಂದು ಕ್ಲೋನ್ ಮಾಡಿದೆವು. ನೀವೂ ಮಾಡೋದಾದ್ರೆ ಈ ಕ್ರಮ ತಪ್ಪಿಸಬೇಡಿ.

1. ಕೊಳ್ಳುವ ಮುಂಚೆ ಸ್ಲಾಟ್ ನೋಡಿ. ಎಂ.2 ಆಕಾರ ಒಂದೇ ಇದ್ರೂ ಒಳಗೆ ಎನ್‌ವಿಎಂಇ, ಸಾಟಾ ಅಂತ ಎರಡು ಬಗೆ. 2280 ಅಂದ್ರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ.

2. ಪ್ರಾಜೆಕ್ಟ್ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ವಿಂಡೋಸ್‌ನಲ್ಲಿ ಬಿಟ್‌ಲಾಕರ್, ಫಾಸ್ಟ್ ಸ್ಟಾರ್ಟಪ್ ಎರಡನ್ನೂ ಆಫ್ ಮಾಡಿ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ರೆ ಶಟ್‌ಡೌನ್ ಆದ್ರೂ ವಿಂಡೋಸ್ ಪೂರ್ತಿ ಮುಚ್ಚಿರಲ್ಲ.

3. ಹೊಸ ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕೇಸ್‌ಗೆ ಹಾಕಿ, ಪೆನ್‌ಡ್ರೈವ್‌ನಿಂದ ಕ್ಲೋನ್‌ಜಿಲ್ಲಾ ಬೂಟ್ ಮಾಡಿ. ಸೋರ್ಸ್, ಟಾರ್ಗೆಟ್ ಅದಲುಬದಲಾದ್ರೆ ಖಾಲಿ ಡಿಸ್ಕೇ ಹಳೇದರ ಮೇಲೆ ಬರೆಯುತ್ತೆ! ನಾವೂ ಉಲ್ಟಾ ಆರಿಸಿದ್ದೆವು. ಕೊನೇ ಎಂಟರ್‌ಗೆ ಮುಂಚೆ ಗಾತ್ರ ನೋಡಿದ್ದಕ್ಕೆ ಬಚಾವಾದೆವು. ಹೆಸರಲ್ಲ, ಗಾತ್ರ ನೋಡಿ.

4. ಎರಡೂ ಡಿಸ್ಕ್ ಸೇರಿಸಿ ಬೂಟ್ ಮಾಡಬೇಡಿ. ಕ್ಲೋನ್‌ನಲ್ಲಿ ಯುಯುಐಡಿಯೂ ಕಾಪಿ ಆಗುತ್ತೆ. ಯಾವುದು ಯಾವುದು ಅಂತ ಉಬುಂಟುಗೆ ಗೊತ್ತಾಗಲ್ಲ.

5. ಹೆಚ್ಚಿನ ಜಾಗ ಡಿಸ್ಕಿನ ಕೊನೆಯಲ್ಲಿ ಬರುತ್ತೆ. ವಿಂಡೋಸ್‌ಗೆ ಅದು ಬೇಕಂದ್ರೆ ನಡುವೆ ಇರೋ ಉಬುಂಟು ಪಾರ್ಟಿಷನ್ನನ್ನು ಲೈವ್ ಪೆನ್‌ಡ್ರೈವ್‌ನ ಜಿಪಾರ್ಟೆಡ್‌ನಿಂದ ಸರಿಸಬೇಕು. ಇದಕ್ಕೆ ತುಂಬಾ ಹೊತ್ತು ಬೇಕು, ಚಾರ್ಜರ್ ತೆಗೆಯಬೇಡಿ.

ಎರಡೂ ಓಎಸ್ ಸರಿಯಾಗಿ ಓಡೋದನ್ನು ಒಂದು ವಾರ ನೋಡಿ. ಅಲ್ಲಿವರೆಗೂ ಹಳೇ ಎಸ್‌ಎಸ್‌ಡಿ ಫಾರ್ಮ್ಯಾಟ್ ಮಾಡಬೇಡಿ, ನಿಮ್ಮ ಕೊನೇ ಬ್ಯಾಕಪ್ ಅದೇ.